ಮಾಸ್ತರರಿಗೊಂದು ಪತ್ರ: ಬಾಯಿಪಾಠವಾದ ಶ್ಲೋಕ ಈಗ ಯಾಕೆ ಚುಚ್ಚುತ್ತದೆ?

ತಾಯಿ ತೀರಿಕೊಂಡ ಮೇಲೆ ಭಜನೆಗೆ ಹೋಗಲು ಮನಸ್ಸೇ ಬರುತ್ತಿಲ್ಲ ಅಂತ ಹೋದ ಸಂಚಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು. ನಾನು ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಿದ್ದೆ. ಆದರೆ ವಿಷಯ ಮುಗಿಯಲಿಲ್ಲ. ಆಮೇಲೆ ಬಂದ ಪತ್ರಗಳಲ್ಲಿ ಇದೇ ಜಾಸ್ತಿ. ಹಾಗಾಗಿ ಈ ಸಲ ಬಾಳೆಕಾಯಿ ಹಪ್ಪಳ, ವ್ಯಾಕರಣ, ಮಕ್ಕಳ ಮೊಬೈಲು ಎಲ್ಲ ಬದಿಗಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮಾಸ್ತರ್ರೇ, ನಮಸ್ಕಾರ. ನನ್ನ ಮಗ ಹೋಗಿ ಏಳು ತಿಂಗಳಾಯಿತು. 24 ವರ್ಷ. ಹೆದ್ದಾರಿಯಲ್ಲಿ ಬೈಕ್ ಅಪಘಾತ. ಹೈಸ್ಕೂಲಿನಲ್ಲಿದ್ದಾಗ ಸ್ವರ್ಣವಲ್ಲಿ ಮಠದ ಗೀತಾ ಅಭಿಯಾನದಲ್ಲಿ ಅವನು ಎರಡನೇ ಅಧ್ಯಾಯ ಕಲಿತಿದ್ದ. ಸಂಜೆ ದೀಪ ಹಚ್ಚಿದ ಮೇಲೆ ನಾನೇ ಪುಸ್ತಕ ಹಿಡಿದು ಹೇಳಿಸುತ್ತಿದ್ದೆ. ಅವನ ಕ್ರಿಯೆಯ ದಿನಗಳಲ್ಲಿ ಮನೆಗೆ ಬಂದವರು ಒಬ್ಬರಾದ ಮೇಲೆ ಒಬ್ಬರು ಆ ಅಧ್ಯಾಯದ ಶ್ಲೋಕವನ್ನೇ ಹೇಳಿದರು. ಹಳೆ ಬಟ್ಟೆ ಬಿಟ್ಟು ಹೊಸ ಬಟ್ಟೆ ಉಟ್ಟ ಹಾಗೆ ಅಂತ. ನನ್ನ ಮಗನ ಮೈ ಹಳೆ ಬಟ್ಟೆಯಾಗಿತ್ತಾ? ಅವನ ಅಂಗಿಗಳು ಕಪಾಟಿನಲ್ಲಿವೆ. ಎರಡಕ್ಕೆ ಇನ್ನೂ ಅಂಗಡಿಯ ಪಿನ್ನೂ ತೆಗೆದಿಲ್ಲ. ಈಗ ಗೀತೆಯ ಪುಸ್ತಕ ಮುಟ್ಟಲಿಕ್ಕೇ ಆಗುತ್ತಿಲ್ಲ. ಇದು ಪಾಪವಾ?
(ಒಬ್ಬ ತಾಯಿ, ಅಂಕೋಲಾ ತಾಲೂಕು)

ಉತ್ತರ: ಅಕ್ಕಾ, ಪಾಪ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ನೀವು ಓದಿದರೂ ಸೈ, ಬಿಟ್ಟರೂ ಸೈ.

ನಾನು ಯಕ್ಷಗಾನ ತಾಳಮದ್ದಳೆಯಲ್ಲಿ ಅರ್ಥ ಹೇಳುವವನು, ಅಂದರೆ ಪದಕ್ಕೆ ತಕ್ಕಂತೆ ಪಾತ್ರದ ಮಾತಾಡುವವನು. ಶಾಲೆಯಿಂದ ನಿವೃತ್ತಿಯಾದರೂ ಆ ಚಟ ಬಿಟ್ಟಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ವಾರಕ್ಕೊಂದಾದರೂ ಕೂಟ ಇದ್ದೇ ಇರುತ್ತದೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಇರುವುದು ಭಾಗವತರ ಪದ, ನಮ್ಮ ಮಾತು, ಅಷ್ಟೇ. ಪದ ಮುಗಿದು ಮದ್ದಳೆ ನಿಂತಾಗ ಅರ್ಥಧಾರಿಗೆ ಮೂರು ಸಂಗತಿ ಗೊತ್ತಿರಬೇಕು. ಮಾತು ಯಾರದು, ಯಾರಿಗೆ ಹೇಳಿದ್ದು, ಯಾವ ಹೊತ್ತಿನಲ್ಲಿ ಹೇಳಿದ್ದು. ಇದು ತಪ್ಪಿದರೆ ಎಂಥ ಪಂಡಿತನ ಅರ್ಥವೂ ಸಭೆಯಲ್ಲಿ ನಿಲ್ಲುವುದಿಲ್ಲ. ನಿಮ್ಮ ಮನೆಗೆ ಬಂದವರು ಶ್ಲೋಕವನ್ನು ತಪ್ಪಿಲ್ಲದೆ ಹೇಳಿರಬಹುದು. ಈ ಮೂರನ್ನು ಮಾತ್ರ ನೋಡಲಿಲ್ಲ.

ಗೀತೆ ಹುಟ್ಟಿದ್ದು ಸಾವಿನ ಮನೆಯಲ್ಲಲ್ಲ. ಯುದ್ಧ ಇನ್ನೂ ಶುರುವಾಗಿರಲಿಲ್ಲ, ಯಾರೂ ಸತ್ತಿರಲಿಲ್ಲ. ಇವರನ್ನೆಲ್ಲ ನಾನು ಕೊಲ್ಲಬೇಕಲ್ಲ ಅಂತ ಬಿಲ್ಲು ಕೆಳಗಿಟ್ಟು ಕೂತವನಿಗೆ, ಎದ್ದು ನಿನ್ನ ಕೆಲಸ ಮಾಡು ಅಂತ ಅವನ ಗೆಳೆಯ ಹೇಳಿದ ಮಾತು ಅದು. ಹಳೆ ಬಟ್ಟೆಯ ಹೋಲಿಕೆ ಬಂದದ್ದು ಆ ಹೊತ್ತಿನಲ್ಲಿ. ಮಗನನ್ನು ಕಳೆದುಕೊಂಡವರಿಗೆ ಅದನ್ನು ಹೇಳಿದ್ದಲ್ಲ.

ಹಾಗಾದರೆ ಮಗ ಸತ್ತಾಗ ಕೃಷ್ಣ ಏನು ಹೇಳಿದ? ಅದೂ ಮಹಾಭಾರತದಲ್ಲೇ ಇದೆ. ಸಮಾಧಾನ ಹೇಳಲು ಬರುವವರು ಆ ಪುಟದವರೆಗೆ ಹೋಗಿರುವುದಿಲ್ಲ. ಯುದ್ಧದ ಹದಿಮೂರನೇ ದಿನ ಅಭಿಮನ್ಯು ಸತ್ತ. ಹದಿನಾರರ ಹುಡುಗ. ಅವನ ಅಪ್ಪ ಗೀತೆಯನ್ನು ಕೃಷ್ಣನ ಬಾಯಿಂದಲೇ ಕೇಳಿದವನು, ಅದೂ ಎರಡು ವಾರದೊಳಗೆ. ಅವತ್ತು ಅರ್ಜುನ ದೂರದಲ್ಲಿ, ಸತ್ತರೂ ಹಿಂದೆ ಸರಿಯೆವು ಅಂತ ಪಣತೊಟ್ಟ ಸಂಶಪ್ತಕರ ಜೊತೆ ಕಾದುತ್ತಿದ್ದ. ಸಂಜೆ ಬಿಡಾರಕ್ಕೆ ಬರುವಾಗಲೇ ಅವನಿಗೆ ಅನುಮಾನ. ವ್ಯಾಸಭಾರತದ ದ್ರೋಣಪರ್ವದಲ್ಲಿ ಅವನು ಕೃಷ್ಣನನ್ನು ಕೇಳುತ್ತಾನೆ. ಇವತ್ತು ಯಾಕೆ ಮಂಗಳವಾದ್ಯ ಕೇಳುತ್ತಿಲ್ಲ? ದಿನಾ ತಮ್ಮಂದಿರ ಜೊತೆ ನಗುತ್ತ ಎದುರು ಬರುತ್ತಿದ್ದ ಅಭಿಮನ್ಯು ಇವತ್ತು ಯಾಕೆ ಬರಲಿಲ್ಲ? ಆಮೇಲೆ ಅವನು ಅಳುವ ಅಳು ಪುಟಗಟ್ಟಲೆ ಇದೆ. ಗೀತೆ ಕೇಳಿದವನು ಹೀಗೆ ಅಳಬಾರದು ಅಂತ ವ್ಯಾಸರು ಎಲ್ಲೂ ಬರೆದಿಲ್ಲ.

ಕೃಷ್ಣ ಅಲ್ಲಿ ಹಳೆ ಬಟ್ಟೆಯ ಮಾತು ಎತ್ತುವುದಿಲ್ಲ. ಹಿಂದೆ ಸರಿಯದ ಶೂರರ ದಾರಿ ಇದು ಅನ್ನುತ್ತಾನೆ. ನಿನ್ನ ಅಣ್ಣತಮ್ಮಂದಿರು ನಿನ್ನನ್ನು ನೋಡಿ ಕುಗ್ಗಿದ್ದಾರೆ, ಅವರಿಗೆ ಸಮಾಧಾನ ಹೇಳು ಅನ್ನುತ್ತಾನೆ. ತಿಳಿಯಬೇಕಾದ್ದು ನಿನಗೆ ತಿಳಿದೇ ಇದೆ ಅಂತ ಒಂದು ಮಾತಿನಲ್ಲಿ ನೆನಪಿಸುತ್ತಾನೆ. ಪಾಠವನ್ನು ಮತ್ತೊಮ್ಮೆ ಒಪ್ಪಿಸುವುದಿಲ್ಲ. ನಮ್ಮ ಕಡೆಯ ಹಿರಿಯ ಅರ್ಥಧಾರಿಯೊಬ್ಬರು ಈ ಸಂದರ್ಭಕ್ಕೆ ಕೃಷ್ಣನಾಗಿ ಕೂತರೆ ಅರ್ಧ ಗಂಟೆ ವೇದಾಂತ ಹೇಳುತ್ತಿದ್ದರು. ಜನ ತಲೆದೂಗುತ್ತಿದ್ದರು. ಅವರ ತಮ್ಮ ತೀರಿಕೊಂಡ ವರ್ಷ ಅದೇ ಪದಕ್ಕೆ, 'ಅರ್ಜುನಾ, ನಿನಗೆ ಎಲ್ಲ ಗೊತ್ತಿದೆ. ನನಗೆ ಅವನು ತಂಗಿಯ ಮಗ' ಅಂದು ನಿಲ್ಲಿಸಿದರು. ಮುಂದೆ ಮಾತು ಬರುತ್ತದೆ ಅಂತ ಕಾದ ಭಾಗವತರು ಕಡೆಗೆ ಮುಂದಿನ ಪದ ಎತ್ತಿಕೊಂಡರು.

ಸುಭದ್ರೆಗೂ ಕೃಷ್ಣ ಕಾಲದ ಮಾತು ಹೇಳಿದ, ಅಣ್ಣನಾಗಿ. ಅವಳು ಸುಮ್ಮನಾದಳಾ? ಇಲ್ಲ. ಪಾಂಡವರು, ಯಾದವರು, ಇಷ್ಟು ಜನ ಕಾಯುವವರಿದ್ದೂ ಅನಾಥನ ಹಾಗೆ ಸತ್ತೆಯಲ್ಲ ಮಗನೇ ಅಂತ ಅತ್ತಳು. ದೇವರ ಎದುರೇ ಅತ್ತಳು. ಸ್ತ್ರೀಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುವ ನೀತಿಗಿಂತ ಹೆಚ್ಚಿನ ನೀತಿ ಯಾರು ಹೇಳಲು ಸಾಧ್ಯ? ಕೂಡಿಟ್ಟದ್ದೆಲ್ಲ ಕರಗುತ್ತದೆ, ಬದುಕು ಸಾವಿನಲ್ಲಿ ಮುಗಿಯುತ್ತದೆ ಅಂತ ಶುರುಮಾಡಿ ಅಧ್ಯಾಯಗಟ್ಟಲೆ ಹೇಳುತ್ತಾನೆ. ಎಲ್ಲ ಕೇಳಿ ಮುದುಕ ಮೂರ್ಛೆ ಹೋಗಿ ಬೀಳುತ್ತಾನೆ. ಸತ್ಯವಾದ ಮಾತಿನಿಂದಲೂ ಎದೆ ಹಗುರವಾಗುವುದಿಲ್ಲ ಅನ್ನುವುದು ಭಾರತ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ನಿಮ್ಮ ಪುಸ್ತಕದ ವಿಷಯ. ಮುಟ್ಟಬೇಡಿ, ಇದ್ದಲ್ಲೇ ಇರಲಿ. ಎರಡನೇ ಅಧ್ಯಾಯ ಓದಿದರೆ ನಿಮಗೀಗ ಕೇಳುವುದು ಕೃಷ್ಣನ ದನಿಯಲ್ಲ. ದೀಪದ ಎದುರು ಕೂತು ತೊದಲುತ್ತ ಒಪ್ಪಿಸುತ್ತಿದ್ದ ಹುಡುಗನ ದನಿ. ಅದನ್ನು ತಡೆದುಕೊಳ್ಳುವ ಶಕ್ತಿ ಏಳು ತಿಂಗಳಿಗೆ ಬರುವುದಿಲ್ಲ. ಮುಂದೆ ಎಂದೋ ಆ ದನಿ ಕೇಳಲಿಕ್ಕೆಂದೇ ನೀವು ಪುಸ್ತಕ ತೆರೆಯಬಹುದು. ತೆರೆಯದೆಯೂ ಇರಬಹುದು. ಅಂಗಿಗಳನ್ನು ಯಾರಿಗಾದರೂ ಕೊಟ್ಟುಬಿಡಿ ಅಂತ ಯಾರಾದರೂ ಗಡಿಬಿಡಿ ಮಾಡಿದರೆ, ಮಾಸ್ತರು ಬೇಡ ಅಂದಿದ್ದಾರೆ ಅನ್ನಿ.

ಪ್ರಶ್ನೆ: ಸರ್, ನಾವು ಕ್ರೈಸ್ತರು. ಅಪ್ಪ ರಾತ್ರಿ ಊಟಕ್ಕೆ ಮೊದಲು ಬೈಬಲಿನ 23ನೇ ಕೀರ್ತನೆಯನ್ನು ಕನ್ನಡದಲ್ಲಿ ಓದುತ್ತಿದ್ದರು. ದೇವರು ನನಗೆ ಕುರುಬ, ನನಗೇನೂ ಕೊರತೆಯಿಲ್ಲ ಅಂತ ಬರುತ್ತದಲ್ಲ, ಅದು. ಅವರನ್ನು ಮಣ್ಣು ಮಾಡುವ ದಿನವೂ ಅದನ್ನೇ ಓದಿದರು. ಅವತ್ತಿನಿಂದ 'ಕೊರತೆಯಿಲ್ಲ' ಅನ್ನುವ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೊರತೆ ಇದೆಯಲ್ಲ? ಅಮ್ಮ ಇನ್ನೂ ಅವರ ಬಟ್ಟಲು ತೆಗೆದಿಡುತ್ತಾಳೆ. ಪ್ರಾರ್ಥನೆಯಲ್ಲಿ ಸುಳ್ಳು ಹೇಳಿದ ಹಾಗೆ ಅನಿಸುತ್ತದೆ.
(ಕಾರವಾರ)

ಉತ್ತರ: ತಮ್ಮಾ, ನಾನು ಇಗರ್ಜಿಗೆ ಹೋಗುವುದು ನೆರೆಮನೆಯವರ ಮದುವೆಗೆ, ಮರಣಕ್ಕೆ ಮಾತ್ರ. ಹಾಗಾಗಿ ಧರ್ಮದ ತೀರ್ಪು ನನ್ನಿಂದ ಬೇಡ. ಅದಕ್ಕೆ ನಿಮ್ಮ ಪಾದ್ರಿಗಳಿದ್ದಾರೆ. ನನ್ನ ಹತ್ತಿರ ಇರುವುದು ಆ ಅರ್ಥಧಾರಿಯ ಪ್ರಶ್ನೆ ಮಾತ್ರ: ಮಾತು ಯಾರಿಗೆ ಹೇಳಿದ್ದು?

ಆ ಕೀರ್ತನೆಯನ್ನು ನಿಧಾನವಾಗಿ ಓದಿ ನೋಡಿ. ಮೊದಲ ಸಾಲುಗಳಲ್ಲಿ ಹಾಡುವವನು ದೇವರ ಬಗ್ಗೆ ಬೇರೆ ಯಾರಿಗೋ ಹೇಳುತ್ತಿದ್ದಾನೆ. ಅವನು ನನ್ನನ್ನು ಹಸಿರು ಹುಲ್ಲಿನಲ್ಲಿ ಮಲಗಿಸುತ್ತಾನೆ, ಅವನು ನೀರಿನ ಬಳಿ ಕರೆದೊಯ್ಯುತ್ತಾನೆ ಅಂತ. ಎಲ್ಲ ಸರಿ ಇದ್ದಾಗ ನಾವು ದೇವರ ಬಗ್ಗೆ ಮಾತಾಡುವುದು ಹೀಗೇ ಅಲ್ವಾ? ನಾಲ್ಕನೇ ವಚನದಲ್ಲಿ ಕತ್ತಲ ಕಣಿವೆ ಬರುತ್ತದೆ. ಅಲ್ಲಿಗೆ ಬಂದದ್ದೇ ಇವನು ತಿರುಗಿ ನಿಂತು 'ನೀನು ನನ್ನ ಜೊತೆ ಇದ್ದೀಯಲ್ಲ' ಅನ್ನುತ್ತಾನೆ. ಕೇಳುವವರನ್ನು ಬಿಟ್ಟು ನೇರ ದೇವರ ಹತ್ತಿರವೇ ಮಾತು. ನಿಮಗೆ ಮೊದಲ ಸಾಲು ಹೇಳಲು ಆಗದಿದ್ದರೆ ನಾಲ್ಕರಿಂದ ಶುರುಮಾಡಿ. ಈಗ ನೀವು ನಿಂತಿರುವುದೂ ಅಲ್ಲೇ.

ಇನ್ನೊಂದು ಸಂಗತಿ. ಅದರ ಹಿಂದಿನ 22ನೇ ಕೀರ್ತನೆ ಯಾವುದರಿಂದ ಶುರುವಾಗುತ್ತದೆ? ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ ಅಂತ. ಏಸು ಶಿಲುಬೆಯ ಮೇಲೆ ಕೂಗಿದ್ದು ಅದನ್ನೇ. 88ನೆಯದಂತೂ ಕಡೆಯ ಸಾಲಿನವರೆಗೆ ಕತ್ತಲೆಯೇ, ಸಮಾಧಾನದ ಒಂದು ಮಾತೂ ಇಲ್ಲದೆ ಮುಗಿಯುತ್ತದೆ. ಅವನ್ನೂ ಪ್ರಾರ್ಥನೆ ಅಂತಲೇ ಪುಸ್ತಕದೊಳಗೆ ಇಟ್ಟಿದ್ದಾರೆ, ಹರಿದು ಬಿಸಾಡಿಲ್ಲ. ಕೊರತೆ ಇದೆ ಅಂತ ದೇವರಿಗೆ ಹೇಳಿದರೆ ಸುಳ್ಳಾಗುವುದಿಲ್ಲ. ಅಮ್ಮ ಬಟ್ಟಲು ಇಟ್ಟುಕೊಳ್ಳಲಿ ಬಿಡಿ.

ಪ್ರಶ್ನೆ: ಪೂಜ್ಯ ಮಾಸ್ತರರಿಗೆ. ನಮ್ಮದು ಸೋದೆ ಮಠದ ಶಿಷ್ಯರ ಮನೆ. ಬಂಧುಬಳಗದಲ್ಲಿ ಮದುವೆಯಾದರೆ ಲಕ್ಷ್ಮೀ ಶೋಭಾನೆ ಹೇಳಲು ನನ್ನನ್ನೇ ಕರೆಯುತ್ತಿದ್ದರು. ಮಗಳ ಮದುವೆಯಲ್ಲೂ ನಾನೇ ಹೇಳಿದ್ದು. ವರ್ಷ ತುಂಬುವ ಮೊದಲೇ ಅಳಿಯ ಹೃದಯಾಘಾತದಿಂದ ಹೋದರು. ಆ ಹಾಡಿನ ಕೊನೆಯಲ್ಲಿ, ಇದನ್ನು ಮದುವೆ ಮನೆಯಲ್ಲಿ ಹಾಡಿದರೆ ವಧುವಿನ ಓಲೆಭಾಗ್ಯ, ಅಂದರೆ ಮುತ್ತೈದೆತನ, ಹೆಚ್ಚುತ್ತದೆ ಅಂತ ಇದೆ. ನಾನು ಹಾಡಿದ್ದರಲ್ಲಿ ಏನು ಕಡಿಮೆಯಾಯಿತು? ಬರುವ ತಿಂಗಳು ತಂಗಿಯ ಮಗಳ ಮದುವೆ. ಈ ಸಲ ಬೇರೆಯವರ ಹತ್ತಿರ ಹೇಳಿಸೋಣ ಅಂತ ಒಳಗೊಳಗೇ ಮಾತಾಡಿಕೊಳ್ಳುತ್ತಿದ್ದಾರೆ. ಮಗಳು ಮಾತ್ರ 'ಆಯಿ, ನೀನೇ ಹೇಳು' ಅನ್ನುತ್ತಾಳೆ.
(ಶಿರಸಿ)

ಉತ್ತರ: ಮಗಳು ಹೇಳಿದ್ದೇ ಸರಿ. ನೀವೇ ಹೇಳಿ.

ನೀವು ಹಾಡಿದ್ದರಲ್ಲಿ ಏನೂ ಕಡಿಮೆಯಾಗಿಲ್ಲ. ಫಲಶ್ರುತಿ ಅಂದರೆ ಹಿರಿಯರ ಹಾರೈಕೆ. ಈ ಹಾಡು ಬರೆದ ವಾದಿರಾಜರು ಯತಿಗಳು. ಎದುರಿಗೆ ಕೂತ ಮದುಮಗಳಿಗೆ ಒಳ್ಳೆಯದಾಗಲಿ ಅಂತ ಹರಸಿದರು. ನಾವು ಕಾಲಿಗೆ ಬಿದ್ದವರಿಗೆಲ್ಲ ನೂರು ವರ್ಷ ಬಾಳು ಅನ್ನುತ್ತೇವೆ. ಅವರು ಎಂಬತ್ತಕ್ಕೆ ಹೋದರೆ ನಮ್ಮ ನಾಲಗೆ ಕೆಟ್ಟದ್ದು ಅಂತ ಯಾರೂ ಅನ್ನುವುದಿಲ್ಲ. ಅಳಿಯನ ಹೃದಯ ಕೈಕೊಟ್ಟಿದ್ದಕ್ಕೆ ಅತ್ತೆಯ ಹಾಡಿನಲ್ಲಿ ಕಾರಣ ಹುಡುಕುವುದು, ಸಿಟ್ಟು ಮಾಡಿಕೊಳ್ಳಬೇಡಿ, ದಡ್ಡತನ. ಬೇರೆಯವರು ಹುಡುಕಿದರೆ ಅದು ದಡ್ಡತನವೂ ಅಲ್ಲ, ಕ್ರೂರತನ.

ಈ ಪತ್ರ ಓದಿ ನನಗೆ ನಿಜಕ್ಕೂ ಬೇಸರವಾದದ್ದು ಆ 'ಒಳಗೊಳಗೇ' ಮಾತಿಗೆ. ಗಂಡ ಸತ್ತವಳನ್ನು ಅರಿಶಿನ ಕುಂಕುಮಕ್ಕೆ ಕರೆಯದ ಕಾಲ ಹೋಯಿತು ಅಂತ ನಾವು ಭಾಷಣ ಮಾಡುತ್ತೇವೆ. ಈಗ ಅವಳ ತಾಯಿಯ ಬಾಯಿಗೂ ಬೀಗ ಹಾಕಲು ಹೊರಟಿದ್ದೇವೆ. ಶೋಭಾನೆಯ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಡಲು ಕಡೆದಾಗ ಹುಟ್ಟಿ ಬಂದ ಲಕ್ಷ್ಮಿ ಮಾಲೆ ಹಿಡಿದು ನಿಂತಿದ್ದಾಳೆ. ಸುತ್ತ ದೊಡ್ಡ ದೊಡ್ಡವರು. ಒಬ್ಬೊಬ್ಬರನ್ನೇ ನೋಡಿ, ಇವನಿಗೆ ತಪಸ್ಸಿದೆ ಆದರೆ ಸಿಟ್ಟು ಜಾಸ್ತಿ, ಶಾಪ ಕೊಡುತ್ತಾನೆ, ಬೇಡ ಅಂತ ತಾನೇ ಅಳೆದು ಬಿಡುತ್ತ ಹೋಗುತ್ತಾಳೆ. ಯಾರು ಬೇಕು, ಯಾರು ಬೇಡ ಅಂತ ಒಬ್ಬ ಹೆಣ್ಣು ಸಭೆಯ ನಡುವೆ ನಿಂತು ತೀರ್ಮಾನ ಮಾಡುವ ಹಾಡು ಇದು. ನಿಮ್ಮ ಮಗಳೂ ತನ್ನ ತೀರ್ಮಾನ ಹೇಳಿದ್ದಾಳೆ. ಅವಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಪಲ್ಲವಿಗೆ ಅವಳ ದನಿಯೂ ಸೇರಲಿ.

ಓಲೆಭಾಗ್ಯದ ನುಡಿ ಬಂದಾಗ ದನಿ ಒಡೆಯಬಹುದು. ಆ ನುಡಿಯನ್ನು ಬೇಕಾದರೆ ತಂಗಿ ಹೇಳಲಿ. ಇಡೀ ಹಾಡನ್ನು ಮದುವೆ ಮನೆಯಲ್ಲಿ ಪೂರ್ತಿ ಕೇಳುವಷ್ಟು ಪುರುಸೊತ್ತು ಈಗ ಯಾರಿಗಿದೆ? ಫೋಟೋದವರು ಎಬ್ಬಿಸಿಬಿಡುತ್ತಾರೆ.

ಪ್ರಶ್ನೆ: ಮಾಸ್ತರ್ರೇ, ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡಳು. ಎರಡು ವರ್ಷ ನರಳಿದಳು. ನಮ್ಮ ಭಜನಾ ಮಂಡಳಿಯವರು ಮನೆಗೆ ಬಂದು 'ಆದದ್ದೆಲ್ಲ ಒಳಿತೇ ಆಯಿತು' ಹಾಡಿದರು. ನಾನು ಎದ್ದು ಹಿತ್ತಲಿಗೆ ಹೋದೆ. ಅವಳು ನರಳಿದ್ದು ಒಳಿತಾ? ಗೀತೆಯಲ್ಲೂ ಹಾಗೇ ಇದೆ, ದಾಸರೂ ಅದನ್ನೇ ಹೇಳಿದ್ದು, ನಿನಗೆ ಅಹಂಕಾರ ಅಂದರು. ಅಂದಿನಿಂದ ನಾನು ಮಂಡಳಿಗೆ ಹೋಗಿಲ್ಲ.
(ಹೊನ್ನಾವರ)

ಉತ್ತರ: ಮೊದಲು ಗೀತೆಯ ಮೇಲಿನ ಆರೋಪ ಇಳಿಸಿಬಿಡೋಣ. 'ಆಗಿದ್ದೆಲ್ಲ ಒಳ್ಳೆಯದಕ್ಕೇ ಆಗಿದೆ' ಅಂತ ಗೀತಾಸಾರ ಅನ್ನುವ ಹೆಸರಿನಲ್ಲಿ ಅಂಗಡಿ, ಆಫೀಸುಗಳಲ್ಲಿ ಫ್ರೇಮು ಹಾಕಿ ತೂಗುಹಾಕಿರುತ್ತಾರಲ್ಲ, ಆ ಮಾತು ಗೀತೆಯಲ್ಲಿಲ್ಲ. 18 ಅಧ್ಯಾಯ, 700 ಶ್ಲೋಕ, ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಯಾರೋ ಬರೆದರು, ಪ್ರೆಸ್ಸಿನವರು ಅಚ್ಚು ಹಾಕಿದರು, ನಾವು ಕೃಷ್ಣನ ಹೆಸರಿಗೆ ಜಮಾ ಮಾಡಿದೆವು.

ದಾಸರ ಹಾಡು ಮಾತ್ರ ನಿಜವಾಗಿ ಇದೆ. ಆದರೆ ಪುರಂದರದಾಸರು ಅದನ್ನು ಯಾರ ಮನೆಗೆ ಹೋಗಿ ಹೇಳಿದರು? ಯಾರ ಮನೆಗೂ ಅಲ್ಲ. ಅದು ಅವರ ಸ್ವಂತ ಕಥೆ. ಜಿಪುಣ ಸಾಹುಕಾರನಾಗಿದ್ದವನು ಎಲ್ಲ ಬಿಟ್ಟು ದಾಸನಾದ. ಹಿಂತಿರುಗಿ ನೋಡಿ, ನನಗೆ ಆದದ್ದೆಲ್ಲ ಒಳ್ಳೆಯದೇ ಆಯಿತು ಅಂದ. ಕಳೆದುಕೊಂಡವನೇ ತನ್ನ ಬಾಯಿಂದ, ತನ್ನ ಬಗ್ಗೆ ಹೇಳಿದರೆ ಅದು ಹಾಡು. ಅದನ್ನೇ ಇನ್ನೊಬ್ಬರ ಎದೆಯ ಮೇಲೆ ತಂದಿಟ್ಟರೆ ಕಲ್ಲು. ನೀವು ಎದ್ದು ಹೋದದ್ದು ಅಹಂಕಾರದಿಂದ ಅಲ್ಲ.

ನನ್ನದೊಂದು ಮಾತು ಇದೆ. ಹೇಳಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ನನ್ನ ಹೆಂಡತಿ ಹೋಗಿಯೂ ಕೆಲವು ವರ್ಷಗಳಾದವು. ನಾನು ಮದುವೆಯಾದ ಹೊಸತರಲ್ಲಿ ಜನರೆದುರು ಬಾಯಿ ಬಿಡುತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳೆದುರು ಹುಲಿ, ದೇವಸ್ಥಾನದಲ್ಲಿ ಕಂಬದ ಮರೆ. ಒಂದು ವರ್ಷ ಊರಿನ ಭಜನಾ ಸಪ್ತಾಹದಲ್ಲಿ, ರಾತ್ರಿ ಪಾಳಿಗೆ ಜನ ಕಡಿಮೆಯಾದಾಗ, ಅವಳು ಹೆಂಗಸರ ಸಾಲಿನಿಂದ ಎದ್ದು ಬಂದು ನನ್ನ ಕೈಗೆ ತಾಳ ಕೊಟ್ಟಳು. ಎಲ್ಲರೂ ನೋಡುತ್ತಿದ್ದರು. ಹಿಂದೆ ಕೊಡಲು ದಾರಿಯಿರಲಿಲ್ಲ. ಬಡಿದೆ, ಬೆಳಗಿನ ಜಾವದ ಹೊತ್ತಿಗೆ ಹಾಡಿಯೂ ಆಗಿತ್ತು. ತಾಳಮದ್ದಳೆ ಬಂದದ್ದು ಅದರ ಬೆನ್ನಿಗೆ.

ಈಗ ದಾಸರ ಹಾಡಿನ ಒಳಗಿನ ನುಡಿ ನೋಡಿ. ದಾಸರ ವೇಷದ ದಂಡಿಗೆ, ಬೆತ್ತ ಹಿಡಿಯಲು ನಾಚುತ್ತಿದ್ದೆ, 'ಹೆಂಡತಿ ಸಂತತಿ ಸಾವಿರವಾಗಲಿ, ದಂಡಿಗೆ ಬೆತ್ತ ಹಿಡಿಸಿದಳಯ್ಯ' ಅನ್ನುತ್ತಾರೆ. ಮುಂದಿನ ನುಡಿಯಲ್ಲಿ ಭಿಕ್ಷೆಯ ಗೋಪಾಳಬುಟ್ಟಿಗೂ ಹಾಗೇ. ಹಿಡಿಸಿದ್ದು ಅವಳೇ. ದೇವರೇ ಹಾಕಿಸಿದ ಅನ್ನುವುದು ಕೊನೆಯ ನುಡಿಯ ತುಳಸಿಮಾಲೆಗೆ ಮಾತ್ರ. ಎಷ್ಟು ಸಲ ಹಾಡಿದ್ದೆನೋ, ಜನರಿಗೆ ನಗು ಬರಲಿ ಅಂತ ಆ ಸಾಲನ್ನು ಎಳೆದು ಹಾಡುತ್ತಿದ್ದೆ. ಅವಳು ಹೋದ ಮೇಲೆ ನನಗೆ ಅದು ವೈರಾಗ್ಯದ ಹಾಡಾಗಿ ಕೇಳುವುದೇ ಇಲ್ಲ. ಗಂಡನೊಬ್ಬ ಹೆಂಡತಿಯ ಉಪಕಾರವನ್ನು ಊರ ಮುಂದೆ ಹೇಳಿಕೊಳ್ಳುವ ಹಾಡು. ಒಳಿತಾದದ್ದು ಅವಳು ಸತ್ತದ್ದರಿಂದಲ್ಲ, ಅವಳು ಬಂದದ್ದರಿಂದ.

ನಿಮಗೂ ಹಾಗೇ ಕೇಳಬೇಕು ಅಂತ ನಾನು ಹೇಳುತ್ತಿಲ್ಲ. ಎರಡು ವರ್ಷದ ನರಳಾಟವನ್ನು ಹತ್ತಿರದಿಂದ ನೋಡಿದವರು ನೀವು. ಆ ಹಾಡು ನಿಮಗೆ ಇನ್ನು ಬೇಡವೇ ಬೇಡ ಅನಿಸಿದರೆ ದಾಸರು ಬೇಸರ ಮಾಡಿಕೊಳ್ಳುವವರಲ್ಲ. ಬೇರೆ ಹಾಡು ಬೇಕಾದಷ್ಟಿವೆ. ಮಂಡಳಿಗೆ ಹೋಗಿ, ಇದೊಂದನ್ನು ನಾನಿದ್ದಾಗ ಎತ್ತಬೇಡಿ ಅಂತ ನೇರ ಹೇಳಿ. ಹೆಚ್ಚಿನವರು ಪಾಪದವರೇ. ಸುಮ್ನೆ ಕೂರಲು ಬಾರದೆ ಹಾಡಿದ್ದಾರೆ.

ಪ್ರಶ್ನೆ: ನಮ್ಮ ಮಂಡಳಿಯ ಹಿರಿಯರೊಬ್ಬರು ತೀರಿಕೊಂಡಿದ್ದಾರೆ. ಹದಿಮೂರನೇ ದಿನದ ಸಂಜೆ ಅವರ ಮನೆಯಲ್ಲಿ ಭಜನೆ ಇಟ್ಟುಕೊಂಡಿದ್ದೇವೆ. ಯಾವ ಹಾಡು ಹೇಳಿದರೆ ಒಳ್ಳೆಯದು?
(ಕುಮಟಾ)

ಉತ್ತರ: ನನ್ನನ್ನಲ್ಲ, ಮನೆಯವರನ್ನು ಕೇಳಿ. ತೀರಿಕೊಂಡವರು ದಿನಾ ಗುನುಗುತ್ತಿದ್ದ ಹಾಡು ಒಂದಿರುತ್ತದೆ. ಅದನ್ನು ಹೇಳಿಸಬೇಕೋ ಬಿಡಬೇಕೋ ಎರಡನ್ನೂ ಅವರೇ ತೀರ್ಮಾನಿಸಲಿ. ನಮಗೆ ಗೊತ್ತಿಲ್ಲ, ನೀವೇ ಆರಿಸಿ ಅಂದರೆ ಕನಕದಾಸರ 'ತಲ್ಲಣಿಸದಿರು ಕಂಡ್ಯ ತಾಳು ಮನವೆ' ಆಗಬಹುದು. ಅದು ತನ್ನ ಮನಸ್ಸಿಗೆ ತಾನೇ ಹೇಳಿಕೊಂಡದ್ದು, ಎದುರಿಗೆ ಕೂತವರಿಗೆ ಬುದ್ಧಿ ಹೇಳಿದ್ದಲ್ಲ. ನೀವೂ ಹಾಗೇ ಹಾಡಿ, ಕಣ್ಣು ಕೆಳಗಿರಲಿ. ನಡುನಡುವೆ ಅರ್ಥವಿವರಣೆ ಬೇಡ. ಮೈಕಂತೂ ಬೇಡವೇ ಬೇಡ. ಒಂದು ತಾಸಿನೊಳಗೆ ಮುಗಿಸಿ. ಅವತ್ತು ಬೆಳಗಿನಿಂದ ನಿಂತೇ ಇರುವ ಮನೆಯವರಿಗೆ ಊಟಕ್ಕೆ ಹೊತ್ತಾಗಿರುತ್ತದೆ.